ಕಸ್ತೂರಿ ಮಾಡಿದ ಆಣೆ

ಬಾಗಿಲು ಹಾಕ್ಕೊಂಡು ಬಾ ದೇವಕಿ. ಆ ದೊಡ್ಡ ಲೈಟೂ ಆರಿಸು, ಮಕ್ಕಳು ಮಲಗಿದಾವೆ. ಕೂತ್ಕೋ ಇಲ್ಲಿ.

ನಾಳೆ ಮಗಳನ್ನ ಕ್ಯಾಂಪಿಗೆ ಬಿಟ್ಟು, ಅವಳು ಕುದುರೆ ನೋಡ್ತಾ ಇರೋವಾಗ ಕಣ್ಣು ತಪ್ಪಿಸಿ ಬಂದ್ಬಿಡ್ತೀನಿ ಅಂದ್ಯಲ್ಲ ಊಟದ ಹೊತ್ತಲ್ಲಿ... ಎಲ್ಲರೂ ನಕ್ರು. ನಾನು ನಗ್ಲಿಲ್ಲ. ಯಾಕೆ ಅಂತ ಈಗ ಹೇಳ್ತೀನಿ. ಇದು ನಮ್ಮ ಚಿಕ್ಕಮ್ಮನ ಮಗಳು ಕಸ್ತೂರಿಗೆ ಆಗಿದ್ದು. ಎಲ್ಲೋ ಯಾರೋ ಹೇಳಿದ್ದಲ್ಲ. ಮಧ್ಯದಲ್ಲಿ ಕಾಫಿ ಗೀಫಿ ಅಂತ ಎದ್ದು ಹೋಗ್ಬೇಡ, ಪೂರ್ತಿ ಕೇಳು.

ಎರಡು ಸಾವಿರದ ಹದಿನಾಲ್ಕು, ಜನವರಿ, ಇಲ್ಲಿಯ ಸುಡು ಬೇಸಿಗೆ. ಪರ್ತ್ ಊರಿನಾಚೆ ಬೆಟ್ಟದ ಸಾಲಿದೆಯಲ್ಲ, ಅಲ್ಲಿ ಒಂದು ಮಕ್ಕಳ ಕ್ಯಾಂಪು. ರಾತ್ರಿ ಹನ್ನೊಂದೂವರೆ. ಕಸ್ತೂರಿ ಊಟದ ಮನೆಯಿಂದ ಮಕ್ಕಳು ಮಲಗೋ ಕಟ್ಟಡಕ್ಕೆ ಒಬ್ಬಳೇ ನಡ್ಕೊಂಡು ಬರ್ತಿದಾಳೆ. ಕೈಯಲ್ಲೊಂದು ಟಾರ್ಚು. ದಾರಿ ಪಕ್ಕ ಹಳೇ ಬಾವಿ. ಬಾವಿ ಬಾಯಿಗೆ ಕಬ್ಬಿಣದ ತಗಡು ಮುಚ್ಚಿ ಬೋಲ್ಟ್ ಹಾಕಿದಾರೆ. ಹಗಲೆಲ್ಲ ನಲವತ್ತೊಂದು ಡಿಗ್ರಿ ಕಾದ ತಗಡು, ರಾತ್ರಿ ತಣ್ಣಗಾಗ್ತಾ ಒಂದೊಂದು ಸಲ ಢಣ್ ಅನ್ನುತ್ತೆ. ಅದಕ್ಕೇನೂ ಹೆದರ್ಲಿಲ್ಲ ಅವಳು. ಆದ್ರೆ ಆ ಢಣ್ ಆದ್ಮೇಲೆ ಇನ್ನೊಂದು ಸದ್ದು ಬಂತು. ಟಕ್... ಟಕ್. ಹಳೇ ಕಾಲದ ಪೆಟ್ಟಿಗೆಗೆ ಎರಡು ಕೊಂಡಿ ಇರ್ತಿತ್ತಲ್ಲ, ಹೆಬ್ಬೆರಳಲ್ಲಿ ಒತ್ತಿದ್ರೆ ಮೇಲಕ್ಕೆ ಹಾರೋದು, ಅದರ ಸದ್ದು. ಎಡಗಡೆದು ಒಂದು, ಬಲಗಡೆದು ಒಂದು.

ಈಗಿನ ಮಕ್ಕಳ ಹತ್ರ ಅಂಥ ಪೆಟ್ಟಿಗೆ ಎಲ್ಲಿಂದ ಬರ್ಬೇಕು, ಎಲ್ಲಾ ಜಿಪ್ಪಿನ ಬ್ಯಾಗು. ಕಸ್ತೂರಿ ನಿಂತ್ಲು. ಟಾರ್ಚನ್ನ ಸುತ್ತ ಆಡಿಸಿದ್ಲು. ಬಾವಿ... ಅದರಾಚೆ ವರಾಂಡ... ವರಾಂಡದಲ್ಲಿ ಉದ್ದದೊಂದು ಮರದ ಬೆಂಚು. ಯಾರೂ ಇಲ್ಲ. ಪಾಸಂ ಇರ್ಬೇಕು, ಬೆಕ್ಕಿನಷ್ಟು ದಪ್ಪದ ಪ್ರಾಣಿ, ರಾತ್ರಿ ಛಾವಣಿ ಮೇಲೆ ಓಡಾಡುತ್ತೆ ಅಂದ್ಕೊಂಡು ಒಳಗೆ ಹೋದ್ಲು.

ಕಸ್ತೂರಿ ಮೊದಲು ಎಂಥವಳಿದ್ಲು ಅಂತ ನಿಂಗೊತ್ತಿಲ್ಲ. ಆಗ ಅವರು ಪರ್ತಿನ ಬೆಂಟ್ಲಿ ಬಡಾವಣೆಯಲ್ಲಿದ್ರು. ಗಂಡ ವಿನಯ, ಗಣಿ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೀತಿದ್ದ. ಒಬ್ಬನೇ ಮಗ ಉತ್ತಮ್, ನಾಲ್ಕೂವರೆ ವರ್ಷ. ಇವಳು ಮನೇಲೇ ಮಕ್ಕಳನ್ನ ನೋಡ್ಕೊಳ್ತಿದ್ಲು. ಆ ಸುತ್ತಿನ ಕನ್ನಡದೋರ ಮಕ್ಕಳೆಲ್ಲ ಇವಳ ಮಡಿಲಲ್ಲೇ ಬೆಳೆದಿದ್ದು. ಎಂಥಾ ರಚ್ಚೆ ಹಿಡಿದ ಮಗು ಆದ್ರೂ ಐದು ನಿಮಿಷಕ್ಕೆ ಸುಮ್ಮನಾಗಿಸ್ತಾಳೆ ಅಂತ ಹೆಸರು. ಅವಳಿಗೂ ಅದರ ಜಂಬ ಚೆನ್ನಾಗೇ ಇತ್ತು. ಹೆಂಗೆ ಸುಮ್ಮನಾಗಿಸ್ತಿದ್ಲು? ಸುಳ್ಳು ಹೇಳಿ. ತಲೆ ಮೇಲೆ ಹೊಡೆದಂಥ ಸುಳ್ಳು. ‘ಅಮ್ಮ ಬಂಕಿಗೆ ಪೆಟ್ರೋಲ್ ಹಾಕ್ಸಕ್ಕೆ ಹೋಗಿದಾರೆ ಕಂದ, ಈಗ ಬಂದ್ಬಿಡ್ತಾರೆ.’ ಅಮ್ಮ ಆಫೀಸಲ್ಲಿ ಕೂತಿರ್ತಾಳೆ, ಬರೋದು ಸಂಜೆ ಆರಕ್ಕೆ. ನಮ್ಮಲ್ಲಿ ಇದನ್ನ ಸುಳ್ಳು ಅಂತ ಅನ್ನೋದೇ ಇಲ್ಲ, ಸಮಾಧಾನ ಮಾಡೋದು ಅಂತೀವಿ. ನಮ್ಮಮ್ಮಂದಿರು ನಮಗೆ ಮಾಡಿದ್ದೂ ಅದನ್ನೇ.

ಅದರ ಜೊತೆಗೆ ಅವಳಿಗೆ ಇನ್ನೊಂದು ಚಾಳಿ. ಮಾತು ಮಾತಿಗೂ ಆಣೆ. ಮೊಸರು ಹುಳಿ ಇಲ್ಲ ಅನ್ನಕ್ಕೂ ದೇವರಾಣೆ. ನಮ್ಮಜ್ಜಿ ತುಂಗಮ್ಮ ಎಷ್ಟು ಸಲ ಬೈದಿದ್ರು, ನಾಲಿಗೆ ಮೇಲೆ ಆಣೆ ಇಟ್ಕೊಂಡು ತಿರುಗಬೇಡ ಕಣೇ, ಯಾವ ಹೊತ್ತು ಯಾರು ಕೇಳಿಸ್ಕೊಂಡಿರ್ತಾರೋ ಅಂತ. ಕೇಳಿದ್ರೆ ತಾನೆ.

ಆ ವರ್ಷ ಬೇಸಿಗೆ ರಜಕ್ಕೆ ಪರ್ತಿನ ಕನ್ನಡ ಮನೆಗಳೋರೆಲ್ಲ ಸೇರಿ ಬೆಟ್ಟದ ಮೇಲೆ ಒಂದು ಹಳೇ ಕ್ಯಾಂಪಿನ ಜಾಗ ಹಿಡಿದ್ರು. ಸೋಮವಾರದಿಂದ ಶುಕ್ರವಾರ. ಮಕ್ಕಳಿಗೆ ಫೋನಿಲ್ಲ, ಅಪ್ಪ ಅಮ್ಮ ಫೋನ್ ಮಾಡೋ ಹಾಗಿಲ್ಲ. ಚಿಕ್ಕ ಹೆಣ್ಣುಮಕ್ಕಳು ಹನ್ನೊಂದು ಜನ, ಅವರ ಜವಾಬ್ದಾರಿ ಕಸ್ತೂರಿದು. ಅವಳು ಮೊದಲೇ ಎಲ್ಲ ತಾಯಂದಿರಿಗೂ ಪಾಠ ಮಾಡಿದ್ಲು. ಟಾಟಾ ಗೀಟಾ ಮಾಡ್ಬೇಡಿ, ಅಳು ಶುರುವಾಗುತ್ತೆ. ನಾನು ಮಕ್ಕಳನ್ನ ಕುರಿ ತೋರ್ಸಕ್ಕೆ ಹಿಂದೆ ಕರ್ಕೊಂಡು ಹೋಗ್ತೀನಿ, ಆವಾಗ ಕಾರ್ ತೆಗೀರಿ, ಅಂತ. ತನ್ನ ಮಗನಿಗೂ ಅದನ್ನೇ ಮಾಡಿ ಬಂದಿದ್ಲು. ಉತ್ತಮ್ ಇನ್ನೂ ನಿದ್ದೆಯಲ್ಲಿದ್ದ, ಬೆಳಗಿನ ಜಾವ ಐದಕ್ಕೇ ಸದ್ದಿಲ್ಲದೆ ಹೊರಟಿದ್ಲು. ವಿನಯನಿಗೆ ಹೇಳಿದ್ದು ಇಷ್ಟೇ. ಕೇಳಿದಾಗೆಲ್ಲ ಅಂಗಡಿಗೆ ಹೋಗಿದಾಳೆ, ಈಗ ಬರ್ತಾಳೆ ಅನ್ನು. ಐದು ದಿನ ತಾನೆ.

ಆ ಜಾಗ ನೋಡ್ಕೊಳ್ಳೋಕೆ ಮೆಲನಿ ಅಂತ ಒಬ್ಬಳು ಇದ್ಲು. ಅಲ್ಲಿಯವಳೇ, ಅರವತ್ತು ದಾಟಿತ್ತು. ಕಾರುಗಳು ಒಂದೊಂದಾಗಿ ಕಳ್ಳರ ಹಾಗೆ ಜಾರ್ಕೊಳ್ಳೋದನ್ನ ಬೇಲಿ ಹತ್ರ ನಿಂತು ನೋಡಿದ್ಲಂತೆ. ಆಮೇಲೆ ಬಂದು ಕಸ್ತೂರಿಗೆ ಹೇಳಿದ್ಲು. ಹೀಗೆ ಮಾಡ್ಬೇಡಮ್ಮ. ಮನೆ ನೆನಪಾಗಿ ಅಳೋ ಮಗುವಿಗೆ ಮುಖ ಕೊಟ್ಟು ಹೇಳಿ ಹೋಗ್ಬೇಕು. ಶುಕ್ರವಾರ ಬರ್ತೀನಿ ಅಂದ್ರೆ ಶುಕ್ರವಾರ. ಅತ್ತರೆ ಅಳಲಿ, ಪಕ್ಕದಲ್ಲಿ ಕೂತ್ಕೋ, ಏನಾದ್ರೂ ಕೈಕೆಲಸ ಕೊಡು, ಅಪ್ಪ ಅಮ್ಮನಿಗೆ ಕಾಗದ ಬರೆಸು. ಆದ್ರೆ ಬರಲ್ಲ ಅನ್ನೋ ದಿನ ಬರ್ತಾರೆ ಅನ್ಬೇಡ... ಈ ಜಾಗದಲ್ಲಂತೂ ಬೇಡ.

ಕೊನೇ ಮಾತನ್ನ ಕಸ್ತೂರಿ ಕಿವಿಗೇ ಹಾಕ್ಕೊಳ್ಳಲಿಲ್ಲ. ಮೂವತ್ತು ಮಕ್ಕಳನ್ನ ಸಾಕಿದೀನಿ, ಇವಳೇನು ನಂಗೆ ಹೇಳ್ಕೊಡೋದು ಅಂತ ಮೂಗು ಮುರಿದ್ಲು.

ಕುರಿ ನೋಡಿ ವಾಪಸ್ ಬಂದ್ರೆ ಕಾರಿಲ್ಲ, ಅಮ್ಮಂದಿರಿಲ್ಲ. ಹತ್ತು ಜನ ಸ್ವಲ್ಪ ಅತ್ತು ಆಟಕ್ಕೆ ಬಿದ್ರು. ಅನನ್ಯಾ ಅಂತ ಒಂದು ಹುಡುಗಿ, ಏಳು ವರ್ಷ, ಮಧುರಾ ಅನ್ನೋಳ ಮಗಳು, ಅದು ಮಾತ್ರ ಗೇಟಿನವರೆಗೂ ಧೂಳಲ್ಲಿ ಓಡಿ, ಅತ್ತೂ ಅತ್ತೂ ವಾಂತಿ ಮಾಡ್ಕೊಂಡ್ತು. ಕಸ್ತೂರಿ ಎತ್ಕೊಂಡು ಬಂದ್ಲು. ಅಮ್ಮ ಇವತ್ತು ಮಧ್ಯಾಹ್ನ ಬರ್ತಾರೆ ಅಂದ್ಲು. ಸಂಜೆ ಆಯ್ತು. ಊಟ ಆದ್ಮೇಲೆ ಅಂದ್ಲು. ಊಟ ಆಯ್ತು. ನಾಳೆ ಬೆಳಿಗ್ಗೆ ಎದ್ದ ತಕ್ಷಣ, ದೇವರಾಣೆ ಅಂದ್ಲು. ಮಗು ನಂಬಿ ಮಲಗಿತು. ಅದು ನಂಬಿತಲ್ಲ, ನಂಗೆ ಅದೇ ಹೊಟ್ಟೆ ಉರಿಯೋದು.

ಈಗ ಆ ರಾತ್ರಿಗೆ ಬಾ. ಬಾವಿ ದಾಟಿ, ಆ ಟಕ್ ಟಕ್ ಕೇಳಿ, ಕಸ್ತೂರಿ ಒಳಗೆ ಬಂದ್ಲು. ಮೇಲೊಂದು ಕೆಳಗೊಂದು ಮಂಚ ಇರೋ ಉದ್ದದ ಕೋಣೆ. ಕತ್ತಲು. ಉಸಿರಾಟದ ಸದ್ದು, ಫ್ಯಾನು ತಿರುಗೋ ಸದ್ದು. ತನ್ನ ಮಂಚದ ಮೇಲೆ ಕೂತು ಚಪ್ಪಲಿ ಬಿಡ್ತಿದಾಳೆ... ಬಾಗಿಲ ಕಡೆಯಿಂದ ಒಂದು ಪಿಸುಮಾತು. ಹೆಣ್ಣುಮಗು. ಇಂಗ್ಲಿಷಲ್ಲಿ.

"ನಮ್ಮಮ್ಮನೂ ಬರ್ತಾರಾ?"

ರಾತ್ರಿ ಹೊತ್ತು ಒಂದು ಕೂಗಿಗೆ ಓಗೊಡಬಾರದು, ಮೂರು ಸಲ ಕರೆದ್ರೆ ಮಾತ್ರ ಓ ಅನ್ಬೇಕು ಅಂತ ನಮ್ಮಲ್ಲಿ ಯಾವ ಮಗುವಿಗೆ ಗೊತ್ತಿಲ್ಲ? ಆದ್ರೆ ಹನ್ನೊಂದು ಮಕ್ಕಳು ಮಲಗಿರೋ ಕೋಣೆ. ಯಾವುದೋ ಒಂದು ಕೇಳ್ತಿದೆ ಅಂದ್ಕೊಂಡ್ಲು. ಸುಸ್ತಾಗಿತ್ತು ಬೇರೆ.

"ಹ್ಞೂ ಕಂದ. ನಾಳೆ. ಮಲ್ಕೋ ಈಗ."

ಅವಳು ಚಪ್ಪಲಿ ಮಂಚದ ಕೆಳಗೆ ತಳ್ಳಿದ್ಲು.

"ಪ್ರಾಮಿಸ್?"

"ಪ್ರಾಮಿಸ್. ನನ್ನ ಮಗನಾಣೆ."

ಬಾಯಲ್ಲಿ ಬಂದೇ ಬಿಡ್ತು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅವಳು ಮಗ್ಗುಲಾಗಿ ಮಲಗಿದ್ಲು. ನಿದ್ದೆ ಬರೋ ಹೊತ್ತಿಗೆ ಮತ್ತೆ ಆ ಸದ್ದು ಬಂತು. ಟಕ್... ಟಕ್. ಈ ಸಲ ಕೋಣೆ ಒಳಗೇ.

ಮಂಗಳವಾರ ಬೆಳಿಗ್ಗೆ ಅನನ್ಯಾ ಅಳ್ಲಿಲ್ಲ. ಅಮ್ಮ ಎಲ್ಲಿ ಅಂತ ಕೇಳ್ಲೂ ಇಲ್ಲ. ಯಾವ ಹುಡುಗೀನೂ ಕೇಳ್ಲಿಲ್ಲ. ಹನ್ನೊಂದೂ ಸುಮ್ಮನೆ ತಿಂದ್ವು, ಸುಮ್ಮನೆ ಈಜಿದ್ವು. ನೋಡಿದ್ರಾ, ನನ್ನ ಕೈಗುಣ ಅಂತ ಕಸ್ತೂರಿ ಅಡುಗೆಮನೆಯೋರ ಮುಂದೆಲ್ಲ ಹೇಳ್ಕೊಂಡ್ಲು. ಆ ರಾತ್ರಿ ಮತ್ತೆ ಬಾಗಿಲ ಕಡೆಯಿಂದ ಪಿಸುಮಾತು. ‘ಇವತ್ತು ಅಂದಿದ್ರಿ.’ ಇವಳು ಅರ್ಧ ನಿದ್ದೆಯಲ್ಲಿ, ನಾಳೆ ಬಂಗಾರ, ನಾಳೆ ಅಂದ್ಲು.

ಬುಧವಾರ ಮಧ್ಯಾಹ್ನ ಅನನ್ಯಾಳ ತಲೆ ಬಾಚ್ತಾ ಕೂತಿದ್ದಾಗ ಕಸ್ತೂರಿ ಕೇಳಿದ್ಲು, ಯಾಕೆ ಪುಟ್ಟಿ ನನ್ನ ಹತ್ರ ಮಾತೇ ಆಡ್ತಿಲ್ಲ ಅಂತ. ಆ ಮಗುವಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ಕೊಡೋದೆಲ್ಲ ಇಂಗ್ಲಿಷಲ್ಲಿ. ಎದುರಿನ ಗೋಡೆಗನ್ನಡಿಯಲ್ಲಿ ಇವಳ ಮುಖ ನೋಡ್ತಾ ಹೇಳ್ತಂತೆ. ಬಾಗಿಲ ಹತ್ರ ಮೇಲಿನ ಮಂಚದಲ್ಲಿ ಒಬ್ಬಳು ಅಕ್ಕ ಇದಾಳೆ. ನಿಮ್ಮ ಹತ್ರ ಏನೂ ಕೇಳ್ಬಾರದು ಅಂದಿದಾಳೆ. ನೀವು ಸುಳ್ಳು ಹೇಳ್ತೀರಂತೆ. ಸುಳ್ಳು ಹೇಳೋರನ್ನ ಅವಳು ಸುಮ್ನೆ ಬಿಡಲ್ವಂತೆ.

ಕಸ್ತೂರಿ ಎದ್ದು ಹೋಗಿ ನೋಡಿದ್ಲು. ಬಾಗಿಲ ಹತ್ರ ಮೇಲಿನ ಮಂಚಕ್ಕೆ ಹಾಸಿಗೆಯೇ ಇಲ್ಲ. ಬರೀ ಕಬ್ಬಿಣದ ಸ್ಪ್ರಿಂಗು. ಆ ಸ್ಪ್ರಿಂಗಿನ ಮಧ್ಯ ಮಾತ್ರ ತಗ್ಗಾಗಿತ್ತು. ಅವಳು ನೋಡ್ತಾ ಇದ್ದಂಗೇ ಅದು ಕಿರ್ರ್... ಅಂತ ನಿಧಾನಕ್ಕೆ ಮೇಲೆ ಬಂತು. ಮಲಗಿದ್ದೋರು ಎದ್ದು ಇಳಿದ್ರೆ ಆಗುತ್ತಲ್ಲ, ಹಾಗೆ.

ನೇರ ಮೆಲನಿ ಮನೆಗೆ ಓಡಿದ್ಲು. ಮೆಲನಿ ಕೂರಿಸಿ ನೀರು ಕೊಟ್ಟು ಹೇಳಿದ್ಲು. ಮಹಾಯುದ್ಧ ಮುಗಿದ ಕಾಲದಲ್ಲಿ ಅದು ಮಕ್ಕಳ ಆಶ್ರಮ ಅಂತೆ. ಇಂಗ್ಲೆಂಡಿಂದ, ಅಪ್ಪ ಅಮ್ಮನ್ನ ಬಿಡಿಸಿ, ಹಡಗಲ್ಲಿ ತಂದ ಮಕ್ಕಳು. ಮೆಲನಿಯ ತಾಯಿ ಅಲ್ಲಿ ಅಡುಗೆಗಿದ್ಲು. ಮಕ್ಕಳು ಅತ್ತರೆ ಅವರನ್ನ ನೋಡ್ಕೊಳ್ತಿದ್ದ ಮೇಲ್ವಿಚಾರಕಿ, ಮೇಟ್ರನ್ ಅಂತಾರೆ, ನಿಮ್ಮಮ್ಮ ಮುಂದಿನ ಹಡಗಲ್ಲಿ ಬರ್ತಾಳೆ, ನಾಳೆ ಭಾನುವಾರ ಬರ್ತಾಳೆ ಅನ್ನೋಳಂತೆ. ಅತ್ತು ಗಲಾಟೆ ಮಾಡ್ಬಾರದು ಅಂತ, ಅಷ್ಟೇ. ಒಂದು ಹುಡುಗಿ ಪ್ರತಿ ಶನಿವಾರ ರಾತ್ರಿ ಪೆಟ್ಟಿಗೆ ಕಟ್ಟೋದು, ಭಾನುವಾರ ಇಡೀ ದಿನ ವರಾಂಡದ ಬೆಂಚ್ ಮೇಲೆ ಕೂರೋದು, ರಾತ್ರಿ ಪೆಟ್ಟಿಗೆ ಬಿಚ್ಚೋದು. ಎರಡು ವರ್ಷ. ಒಂದು ಭಾನುವಾರ ಬೆಂಚಿನ ಮೇಲೆ ಪೆಟ್ಟಿಗೆ ಮಾತ್ರ ಇತ್ತು. ಬಾವಿಗೆ ತಗಡು ಬಿದ್ದಿದ್ದು ಆಮೇಲೆ.

ಮೇಟ್ರನ್ ಏನಾದ್ಲು ಅಂತ ಕಸ್ತೂರಿ ಕೇಳಿದ್ಲು. ಕೆಲಸ ಬಿಟ್ಟ ಮೇಲೂ ದಿನಾ ಬಂದು ಆ ಬೆಂಚಿನ ಮೇಲೆ ಕೂರ್ತಿದ್ಲಂತೆ. ಯಾರಿಗೆ ಕಾಯ್ತಿದೀರಿ ಅಂದ್ರೆ ಹೆಸರು ಬರ್ತಿರ್ಲಿಲ್ಲ. ಕೂತು ಕೂತು ಅಲ್ಲೇ ಹೋದ್ಲು.

ನಾನು ಹೇಳ್ತೀನಿ ದೇವಕಿ, ಆ ಮೇಟ್ರನ್‌ಗೆ ಆಗಿದ್ದು ಸರಿಯಾಗೇ ಆಯ್ತು. ಮಾಡಿದ್ದುಣ್ಣೋ ಮಹಾರಾಯ. ಆದ್ರೆ ನಮ್ಮ ಕಸ್ತೂರಿ ರಾಕ್ಷಸಿ ಅಲ್ಲ. ಅವಳು ಮಾಡಿದ್ದು ನೀನು ನಾನು ಎಲ್ಲರೂ ಮಾಡೋದನ್ನೇ. ಆ ಮಗುವಿನ ಕೋಪಕ್ಕೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ.

ಆಣೆ ಮಾಡಿದೀನಿ, ಮಗನ ಮೇಲೆ, ಈಗೇನು ಮಾಡ್ಲಿ ಅಂತ ಕಸ್ತೂರಿ ಮೆಲನಿ ಕೈ ಹಿಡ್ಕೊಂಡ್ಲು. ಮೆಲನಿ ಹೇಳಿದ್ದು ಒಂದೇ ಮಾತು. ಇವತ್ತು ರಾತ್ರಿ ನಿಜ ಹೇಳು. ನಿಮ್ಮಮ್ಮ ಬರಲ್ಲ, ನಾನು ಸುಳ್ಳು ಹೇಳಿದೆ ಅಂತ ಬಾಯಿಬಿಟ್ಟು ಹೇಳು. ಅವಳಿಗೆ ಇಲ್ಲಿವರೆಗೂ ಯಾರೂ ಹೇಳಿಲ್ಲ.

ಬುಧವಾರ ರಾತ್ರಿ ಕಸ್ತೂರಿ ಮಲಗ್ಲಿಲ್ಲ. ಟಾರ್ಚು ಎದೆಗೆ ಒತ್ಕೊಂಡು ಕೂತಿದ್ಲು. ಫ್ಯಾನು ತಿರುಗ್ತಿದೆ. ಹೊರಗೆ ತಗಡು ಢಣ್ ಅಂತು. ಮೇಲಿನ ಮಂಚದ ಸ್ಪ್ರಿಂಗು ಕಿರ್ರ್ ಅಂತು.

"ಶುಕ್ರವಾರ ಎಲ್ಲರ ಅಮ್ಮನೂ ಬರ್ತಾರಂತೆ. ನಂಗೂನಾ?"

ಬರಲ್ಲ ಅನ್ನೋದು ಎಷ್ಟು ಸಣ್ಣ ಮಾತು. ಅವಳ ನಾಲಿಗೆ ಏಳ್ಲಿಲ್ಲ. ಅಷ್ಟು ಚಿಕ್ಕ ಧ್ವನಿಗೆ, ಅಷ್ಟು ವರ್ಷ ಕಾದಿರೋದಕ್ಕೆ, ಬರಲ್ಲ ಅಂತ ಹೆಂಗೆ ಹೇಳೋದು... ಭಯ ಬೇರೆ. ಹೇಳಿದ್ರೆ ಈ ಕತ್ತಲಲ್ಲಿ ಏನು ಮಾಡುತ್ತೋ. ಅವಳ ಗಂಟಲಿಂದ ಬಂದಿದ್ದು ಒಂದೇ ಸದ್ದು.

"ಹ್ಞೂ."

"ಥ್ಯಾಂಕ್ಯೂ," ಅಂತು ಅದು.

ಗುರುವಾರ ಹಗಲೆಲ್ಲ ಧೈರ್ಯ ಕಟ್ಕೊಂಡ್ಲು. ಇವತ್ತು ಹೇಳೇ ಹೇಳ್ತೀನಿ ಅಂತ ರಾತ್ರಿ ಕಾದು ಕೂತ್ಲು. ಧ್ವನಿ ಬರ್ಲಿಲ್ಲ. ಮಂಚದ ಹತ್ರ ಹೋಗಿ ಅವಳೇ ಪಿಸುಗುಟ್ಟಿದ್ಲು, ಪುಟ್ಟಾ ಇದೀಯಾ ಅಂತ. ಬೆಳಗಿನ ಜಾವ ಮಾತ್ರ ಟಕ್... ಟಕ್. ಪೆಟ್ಟಿಗೆ ಮುಚ್ಚಿದ ಸದ್ದು.

ಶುಕ್ರವಾರ ಕಾರುಗಳು ಬಂದ್ವು. ಹನ್ನೊಂದು ಹುಡುಗೀರೂ ಓಡಿ ಓಡಿ ಅಮ್ಮಂದಿರನ್ನ ತಬ್ಕೊಂಡ್ವು. ಕಸ್ತೂರಿಗೆ ಒಂದೂ ಬೈ ಹೇಳ್ಲಿಲ್ಲ. ಇವಳು ಕೊನೆಗೊಂದು ಸಲ ಬೆಂಚಿನ ಕಡೆ ನೋಡಿದ್ಲು, ಖಾಲಿ. ಸದ್ಯ ಮುಗೀತು ಅಂದ್ಕೊಂಡು ಕಾರ್ ಹತ್ತಿದ್ಲು. ಹತ್ತು ಮೀಟರ್ ಹೋಗಿರ್ಲಿಲ್ಲ, ಟಿಂಗ್... ಟಿಂಗ್... ಟಿಂಗ್. ಪಕ್ಕದ ಸೀಟಲ್ಲಿ ಕೂತೋರು ಬೆಲ್ಟ್ ಹಾಕಿಲ್ಲ ಅಂದ್ರೆ ಬಡ್ಕೊಳ್ಳುತ್ತಲ್ಲ, ಅದು. ಪಕ್ಕದ ಸೀಟಿನ ಮೇಲೆ ಕೈಚೀಲ ಕೂಡ ಇರ್ಲಿಲ್ಲ. ಬೆಟ್ಟ ಇಳಿಯೋವರೆಗೂ ತಡ್ಕೊಂಡ್ಲು. ಕಡೆಗೆ ಆ ಸದ್ದು ತಾಳಲಾರದೆ ಕೈ ಚಾಚಿ ಆ ಖಾಲಿ ಸೀಟಿಗೆ ಬೆಲ್ಟ್ ಹಾಕಿದ್ಲು. ಸದ್ದು ನಿಂತು ಹೋಯ್ತು.

ಬೆಂಟ್ಲಿಯ ಮನೆ ಮುಂದೆ ಕಾರ್ ನಿಲ್ಲಿಸಿದಾಗ ಸಂಜೆ ಐದು. ಮಗನನ್ನ ನೋಡಿ ಐದು ದಿನ ಆಗಿತ್ತು. ಚೀಲಾನೂ ತೆಗೀದೆ ಓಡಿದ್ಲು. ವಿನಯ ಬಾಗಿಲು ತೆಗೆದ. ಉತ್ತಮ್ ನೆಲದ ಮೇಲೆ ಕೂತು ರೈಲು ಜೋಡಿಸ್ತಿದ್ದವನು ತಲೆ ಎತ್ತಿದ. ಇವಳು ಮಂಡಿಯೂರಿ ಎರಡೂ ಕೈ ಚಾಚಿದ್ಲು. ಅವನು ಇವಳನ್ನ ದಾಟಿ ಹಿಂದೆ ಬಾಗಿಲು ನೋಡಿದ.

"ಹಲೋ ಆಂಟಿ," ಅಂದ. "ನಮ್ಮಮ್ಮ ಎಲ್ಲಿ?"

ಮುನಿಸ್ಕೊಂಡಿದಾನೆ ಅಂತ ವಿನಯ ನಕ್ಕ. ಕಸ್ತೂರಿ ನಗ್ಲಿಲ್ಲ. ನಾನೇ ಕಣೋ ಅಮ್ಮ, ನೋಡೋ, ನಾನೇ ಅಂತ ಅವನ ಕೆನ್ನೆ ಹಿಡಿದ್ಲು. ಮಗು ಹಟ ಮಾಡ್ಲಿಲ್ಲ, ಕಿರುಚ್ಲೂ ಇಲ್ಲ. ಪರರ ಮನೆ ಹೆಂಗಸು ಅತ್ತರೆ ಒಳ್ಳೇ ಮಕ್ಕಳು ಹೆಂಗೆ ನಡ್ಕೊಳ್ತಾವೋ ಹಂಗೆ ನಡ್ಕೊಂಡ. ಇವಳ ಭುಜ ತಟ್ಟಿ ಅವನೇ ಸಮಾಧಾನ ಮಾಡಿದ. ಅಳ್ಬೇಡಿ ಆಂಟಿ, ಅಮ್ಮ ಅಂಗಡಿಗೆ ಹೋಗಿದಾಳೆ, ಈಗ ಬರ್ತಾಳೆ ಅಂದ.

ಆ ರಾತ್ರಿ ಫೋಟೋ ತೋರಿಸಿದ್ರು. ಇದ್ಯಾರು? ಅಮ್ಮ. ಇದು? ಅಮ್ಮ, ನಾನು ಹುಟ್ಟಿದಾಗ. ಫೋಟೋದಲ್ಲಿ ಎಲ್ಲಾ ಸರಿ. ಅದೇ ಸೀರೆ ಉಟ್ಟು ಇವಳು ಎದುರಿಗೆ ನಿಂತ್ರೆ, ಆಂಟಿ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ ಅಂತ ಗಾದೆ ಹೇಳ್ತೀವಲ್ಲ. ಇಲ್ಲಿ ಕೂಸೇ ಅಮ್ಮನ ಕಂಕುಳಲ್ಲಿ ಕೂತು ಅಮ್ಮನ್ನ ಹುಡುಕ್ತಿತ್ತು. ಡಾಕ್ಟರು ಕಣ್ಣು ನೋಡಿದ್ರು, ತಲೆ ಸ್ಕ್ಯಾನ್ ಮಾಡಿದ್ರು. ಏನೂ ದೋಷ ಇಲ್ಲ, ಒಂದೆರಡು ವಾರದಲ್ಲಿ ಸರಿ ಹೋಗುತ್ತೆ ಅಂದ್ರು.

ಎರಡು ತಿಂಗಳು ಕಾದ್ಲು. ಆಮೇಲೆ ಒಂದು ದಿನ ಮೈಮೇಲೆ ಬಂದೋಳ ಹಂಗೆ ಕಾರ್ ತೆಗೆದು ಬೆಟ್ಟಕ್ಕೆ ಹೋದ್ಲು. ಆ ಬಾವಿ ಮುಂದೆ ನಿಂತು ನನ್ನ ಮಗನ್ನ ವಾಪಸ್ ಕೊಡು ಅಂತ ಗಂಟಲು ಹರಿಯೋ ಹಂಗೆ ಕೂಗಿದ್ಲು. ಕೂಗು ಕೇಳಿ ಮೆಲನಿ ಬಂದ್ಲು. ಮೆಲನಿ ಮುಖದಲ್ಲಿ ನಗು ಇತ್ತಂತೆ. ನೀನು ಹೋದ ದಿನದಿಂದ ಇಲ್ಲಿ ಒಂದು ಸದ್ದಿಲ್ಲ, ನಮ್ಮಮ್ಮನ ಕಾಲದಿಂದ ಇಷ್ಟು ನೆಮ್ಮದಿ ಇರ್ಲಿಲ್ಲ. ಅವಳು ಇಲ್ಲಿಲ್ಲ. ಅಮ್ಮ ಬರ್ತಾಳೆ ಅಂದಿದ್ದೆ ನೀನು, ಅಮ್ಮನಾಗಿ ನೀನೇ ಬಂದ್ಯಲ್ಲ, ಅವಳನ್ನ ಜೊತೇಲಿ ಕರ್ಕೊಂಡು ಹೋದ್ಯಲ್ಲ. ನಿಂಗೆ ಒಳ್ಳೇದಾಗ್ಲಿ, ಅಂದ್ಲು.

ಕಸ್ತೂರಿ ಹೆಂಗೆ ಮನೆ ಸೇರಿದ್ಲೋ ಅವಳಿಗೇ ಗೊತ್ತಿಲ್ಲ. ಆ ರಾತ್ರಿ ದೀಪ ಹಚ್ಚಲಿಲ್ಲ. ವಿನಯ, ಉತ್ತಮ್ ಮಲಗಿದ ಮೇಲೆ ನಡುಮನೆಯಲ್ಲಿ ನೆಲದ ಮೇಲೆ ಕೂತ್ಲು. ಫ್ರಿಜ್ಜು ಗುಂಯ್ ಅಂತಿತ್ತು... ನಿಂತಿತು. ಟಕ್... ಟಕ್. ಮಗನ ಕೋಣೆ ಬಾಗಿಲ ಹತ್ರ.

ಆವಾಗ ಹೇಳಿದ್ಲು ಕಸ್ತೂರಿ, ಆ ಬುಧವಾರ ಹೇಳ್ಬೇಕಾಗಿದ್ದನ್ನ. ಪಿಸುಮಾತಲ್ಲಿ. ನಾನು ಸುಳ್ಳು ಹೇಳಿದೆ, ನಿಮ್ಮಮ್ಮ ಬರಲ್ಲ, ಯಾವತ್ತೂ ಬರ್ತಿರ್ಲಿಲ್ಲ, ಸುಮ್ಮನೆ ಮಲಗ್ಲಿ ಅಂತ ಹೇಳಿದೆ. ತಪ್ಪಾಯ್ತು. ಕಾಲಿಗೆ ಬೀಳ್ತೀನಿ. ನೆಲಕ್ಕೆ ಹಣೆ ಮುಟ್ಟಿಸಿ ಅಳ್ತಾ ಕೇಳಿದ್ಲು.

"ನನ್ನ ಮಗ ನನ್ನನ್ನ ಅಮ್ಮ ಅಂತ ಯಾವಾಗ ಕರೀತಾನೆ?"

ಉತ್ತರ ಬಂತು. ಇಂಗ್ಲಿಷಲ್ಲಲ್ಲ. ಅಚ್ಚ ಕನ್ನಡದಲ್ಲಿ, ಕಸ್ತೂರಿಯದೇ ರಾಗ, ಕಸ್ತೂರಿಯದೇ ಮುದ್ದು.

"ನಾಳೆ ಕಂದ. ಮಲ್ಕೋ ಈಗ."

ಮಾರನೇ ರಾತ್ರಿ ಕೇಳಿದ್ಲು. ನಾಳೆ. ಅದರ ಮಾರನೇ ರಾತ್ರಿ. ನಾಳೆ ಬಂಗಾರ, ನಾಳೆ. ಇನ್ನೂ ಕೆಲವು ಸಲ, ಊಟ ಆದ್ಮೇಲೆ. ಸುಳ್ಳು ಅಂತ ಗೊತ್ತು. ಆದ್ರೂ ಊಟ ಆದ್ಮೇಲೆ ಅವಳು ಮಗನ ಮುಖ ನೋಡ್ತಾ ಕೂರ್ತಿದ್ಲು.

ಊರು ಬಿಟ್ರೆ ಬಿಡಬಹುದು ಅಂತ ವಿನಯ ಬ್ರಿಸ್ಬೇನಿಗೆ ಕೆಲಸ ಬದಲಾಯಿಸಿದ. ಅಲ್ಲಿ ಸೇಂಟ್ ಲೂಸಿಯಾ ಅನ್ನೋ ಬಡಾವಣೆಯಲ್ಲಿ ಮನೆ. ಅಲ್ಲೂ ದೊಡ್ಡ ದೊಡ್ಡ ಡಾಕ್ಟರಿಗೆ ತೋರಿಸಿದ್ರು. ಉತ್ತಮ್ ಸಂಜೆ ಹೊತ್ತು ಫೆರಿ ನಿಲ್ಲೋ ಜಾಗಕ್ಕೆ ಹೋಗೋಣ ಅಂತ ಹಟ ಮಾಡೋನು. ಕಸ್ತೂರಿ ಕೈ ಹಿಡ್ಕೊಂಡೇ ನಿಂತು, ಇಳಿಯೋ ಪ್ರತಿ ಹೆಂಗಸಿನ ಮುಖಾನೂ ನೋಡೋನು. ಇವಳೂ ನಿಂತಿರ್ತಿದ್ಲು. ಏನು ಮಾಡ್ತಾಳೆ ಪಾಪ.

ಎರಡು ಸಾವಿರದ ಹದಿನಾರರಿಂದ ಇಲ್ಲೇ ಅಡಿಲೇಡಲ್ಲಿದಾರೆ, ನಮ್ಮ ಬ್ಲೇರ್ ಅಥಾಲ್ ಬಡಾವಣೆಯಲ್ಲೇ. ಉತ್ತಮ್‌ಗೆ ಈಗ ಹತ್ತು ವರ್ಷ. ಜಾಣ ಹುಡುಗ, ನೀನೂ ನೋಡಿದೀಯ. ದೇವಸ್ಥಾನದಲ್ಲಿ ಅವಳನ್ನ ಆಂಟಿ ಅಂದಾಗ ನೀನು ಮಲತಾಯಿ ಇರ್ಬೇಕು ಅಂದ್ಕೊಂಡಿರ್ತೀಯ. ಎಲ್ಲರೂ ಹಾಗೇ ಅಂದ್ಕೊಳ್ಳೋದು. ಹೆತ್ತ ತಾಯಿ ಕಣೇ ಅವಳು. ಹೆರಿಗೆಗೆ ನಮ್ಮ ದೊಡ್ಡಪ್ಪನ ಮಗಳು ಇಂದಿರಾ ಹೋಗಿದ್ಲು, ಬೇಕಾದ್ರೆ ಕೇಳು.

ಕಸ್ತೂರಿ ಈಗ ಸುಳ್ಳು ಹೇಳಲ್ಲ. ಆಣೆ ಅನ್ನೋ ಪದ ಅವಳ ಬಾಯಲ್ಲಿ ಬರಲ್ಲ. ಯಾರಾದ್ರೂ ಮಕ್ಕಳನ್ನ ಕ್ಯಾಂಪಿಗೆ ಕಳಿಸ್ತಾರೆ ಅಂದ್ರೆ ಫೋನ್ ಮಾಡಿ ಜಗಳ ಆಡಿಯಾದ್ರೂ ಹೇಳ್ತಾಳೆ. ಮುಖ ಕೊಟ್ಟು ಹೇಳಿ ಬನ್ನಿ, ದಿನ ಹೇಳಿ ಬನ್ನಿ, ಅತ್ತರೆ ಅಳಲಿ ಅಂತ. ನಿಂಗೂ ಹೇಳ್ತಿದ್ಲು, ನಾನೇ ಹೇಳ್ತೀನಿ ಬಿಡು ಅಂದೆ.

ನಂಬಿಕೆ ಬರ್ಲಿಲ್ಲ ಅಲ್ವಾ? ಬೇಡ ಬಿಡು. ಇಷ್ಟು ಮಾತ್ರ ಕೇಳಿ ಹೋಗಿ ಮಲ್ಕೋ. ಪ್ರತಿ ವರ್ಷ ಸ್ಕೂಲು ಶುರುವಾಗೋ ಮುಂಚೆ ಕಸ್ತೂರಿ ಎರಡು ಜೊತೆ ಕಪ್ಪು ಶೂ ಕೊಳ್ತಾಳೆ. ಉತ್ತಮಂದು ವರ್ಷಕ್ಕೊಂದು ಸೈಜು ದೊಡ್ಡದಾಗ್ತಾ ಬಂದಿದೆ. ಇನ್ನೊಂದು ಜೊತೆ ಹುಡುಗೀರದ್ದು, ಬಕಲ್ ಇರೋದು, ಆರೇಳು ವರ್ಷದ ಮಗುವಿನ ಅಳತೆ. ಆರನೇ ಜೊತೆ ಇದು, ಅದೇ ಅಳತೆ. ಬಾಗಿಲ ಹತ್ರ ಉತ್ತಮನ ಶೂ ಪಕ್ಕದಲ್ಲೇ ಇಡ್ತಾಳೆ. ಯಾಕೆ ಅಂತ ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಹೋದ ತಿಂಗಳು ಅವಳು ಅಡುಗೆಮನೇಲಿದ್ದಾಗ ನಾನೇ ಕೈಯಲ್ಲಿ ಎತ್ತಿ ತಿರುಗಿಸಿ ನೋಡಿದೆ, ಈ ಎರಡು ಕಣ್ಣಿಂದ. ಹಿಮ್ಮಡಿ ಸವೆದಿತ್ತು.